ಸೋಮವಾರದ ಕಾಲುಗಳು

ಎಂಬತ್ತರ ದಶಕದ ಮೊದಲ ವರ್ಷಗಳು. ಯಶವಂತಪುರ ದಾಟಿ ತುಮಕೂರು ರಸ್ತೆಯಲ್ಲಿದ್ದ ಒಂದು ಕಾರ್ಖಾನೆಯಲ್ಲಿ ನಾನು ರೇಡಿಯೊ ಬಿಡಿಭಾಗಗಳನ್ನು ಜೋಡಿಸುವ ಕೆಲಸಕ್ಕಿದ್ದೆ. ಮೊದಲ ಮಹಡಿಯ ಉದ್ದನೆಯ ಹಾಲಿನಲ್ಲಿ ಸಾಲಾಗಿ ಮೇಜುಗಳು, ಮೇಜಿಗೊಂದು ದೀಪ, ದೀಪದ ಕೆಳಗೆ ತಲೆ ಬಗ್ಗಿಸಿ ಕೂತ ನಾವು. ಸಣ್ಣ ತಂತಿಗಳನ್ನು ಬೆಸೆಯಲು ಹೆಣ್ಣುಮಕ್ಕಳ ಬೆರಳೇ ಸರಿ ಎಂದು ಕಾರ್ಖಾನೆಯವರು ನಂಬಿದ್ದರಿಂದ ಆ ಹಾಲಿನಲ್ಲಿ ಗಂಡಸು ಎಂದರೆ ನಮ್ಮ ಸೂಪರ್‌ವೈಸರ್ ಒಬ್ಬರೇ. ದಿನವಿಡೀ ಕೂತು ಕೂತು ಸಂಜೆಯ ಹೊತ್ತಿಗೆ ಸೊಂಟದಿಂದ ಕೆಳಗೆ ಏನೂ ಇಲ್ಲವೇನೋ ಅನ್ನಿಸುತ್ತಿತ್ತು. ಓಡುವ ಹುಚ್ಚು ಹಿಡಿದದ್ದಕ್ಕೆ ಅದೂ ಒಂದು ಕಾರಣವಿರಬೇಕು.

ನನ್ನ ಎಡಗಡೆಯ ಮೇಜಿನಲ್ಲಿ ಕೂರುತ್ತಿದ್ದವಳು ಆರ್.ಟಿ. ನಗರದ ಹುಡುಗಿ, ನನ್ನದೇ ವಯಸ್ಸು. ಮನೆಯಲ್ಲಿ ದಖ್ಖನಿ ಉರ್ದು ಮಾತಾಡುತ್ತಿದ್ದಳು, ಹೊರಗೆ ನಮ್ಮೆಲ್ಲರಿಗಿಂತ ಚುರುಕಾದ ಬೆಂಗಳೂರು ಕನ್ನಡ. ಅವಳೇ ನನ್ನ ಗೆಳತಿ. ಬಲಗಡೆ ಕೂರುತ್ತಿದ್ದವರು ಕೊಡಿಗೇಹಳ್ಳಿಯ ಒಬ್ಬ ಹೆಂಗಸು. ನಮಗಿಂತ ಹತ್ತು ವರ್ಷ ದೊಡ್ಡವರು, ಎರಡು ಮಕ್ಕಳ ತಾಯಿ. ಬೆಳಿಗ್ಗೆ ಹಸು ಕರೆದು, ಅಡುಗೆ ಮಾಡಿಟ್ಟು, ಕಾರ್ಖಾನೆಯ ಬಸ್ಸಿಗೆ ಓಡೋಡಿ ಬರುತ್ತಿದ್ದರು. ಇಡೀ ಹಾಲಿಗೇ ಅವರು ಅಕ್ಕ.

ಪ್ರತಿ ವರ್ಷ ನಮ್ಮಲ್ಲಿ ಕ್ರೀಡೋತ್ಸವ ನಡೆಯುತ್ತಿತ್ತು. ಗಂಡಸರಿಗೆ ಕಬಡ್ಡಿ, ವಾಲಿಬಾಲ್, ಸೋಲದೇವನಹಳ್ಳಿಯವರೆಗೆ ಹೋಗಿ ಬರುವ ಹತ್ತು ಮೈಲಿಯ ಓಟ. ಹೆಂಗಸರಿಗೆ ಚಮಚದಲ್ಲಿ ನಿಂಬೆಹಣ್ಣು, ಮತ್ತೆ ಸಂಗೀತ ಕುರ್ಚಿ. ಆ ವರ್ಷ ಹೆಸರು ಕೊಡಿ ಎಂದು ಸೂಪರ್‌ವೈಸರ್ ಕೇಳಿದಾಗ ನನ್ನ ಗೆಳತಿ ಎದ್ದು ನಿಂತಳು.

"ಸಾರ್, ನಮಗೂ ಆ ಹತ್ತು ಮೈಲಿ ಓಟ ಬೇಕು."

ಇಡೀ ಹಾಲ್ ನಕ್ಕಿತು. ಸೂಪರ್‌ವೈಸರ್ ನಗಲಿಲ್ಲ. ದಪ್ಪನೆಯ, ನಿಧಾನದ ಮನುಷ್ಯ, ಯಾರ ಮೇಲೂ ಕೂಗಾಡಿದವರಲ್ಲ. ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು: "ಓಡ್ರಮ್ಮಾ, ಯಾರ್ ಬೇಡ ಅಂದ್ರು? ಆದ್ರೆ ಓಟ ಇರೋದು ಭಾನುವಾರ. ಸೋಮವಾರ ನೀವೆಲ್ಲ ಕಾಲ್ನೋವು ಅಂತ ಮನೇಲಿ ಮಲ್ಗಿದ್ರೆ ನನ್ ಲೈನ್ ನಿಂತೋಗುತ್ತಲ್ಲ?"

"ನಾವ್ ಬರ್ತೀವಿ ಸಾರ್."

"ಮಾತಲ್ಲಿ ಬೇಡ. ಮೊದ್ಲು ಒಂದ್ ನಾಲ್ಕು ಜನ ಅಷ್ಟು ದೂರ ಓಡಿ, ಸೋಮವಾರ ಬಂದು ನನ್ ಮುಂದೆ ಮೆಟ್ಲು ಹತ್ತಿ ಇಳ್ದು ತೋರ್ಸಿ. ಆಮೇಲೆ ನಾನ್ ಮೇಲಿನವ್ರ ಹತ್ರ ಮಾತಾಡ್ತೀನಿ."

ನಾಲ್ಕು ಜನ ಸಿಗಲಿಲ್ಲ. ಗೆಳತಿ ನನ್ನ ಕೈ ಹಿಡಿದು ಎಬ್ಬಿಸಿದಳು. ನಾವಿಬ್ಬರೂ ಅಕ್ಕನ ಕಡೆ ನೋಡಿದೆವು. "ದಿನಾ ಬಸ್ಸಿಂದೆ ಓಡೋಳು ನಾನು, ನಂದೇನು ಓಗತ್ತೆ" ಎಂದು ಅವರೂ ಎದ್ದರು. ಮೂವರಾದರೂ ಸಾಕು ಎಂದು ಸೂಪರ್‌ವೈಸರ್ ಒಪ್ಪಿದರು.

ನಮ್ಮ ಮನೆಯವರು ಗದಗದ ಕಡೆಯವರು. ನಾನು ಚಿಕ್ಕವಳಿದ್ದಾಗ ಅಪ್ಪನಿಗೆ ಇಲ್ಲಿ ಫೌಂಡ್ರಿಯೊಂದರಲ್ಲಿ ಕೆಲಸ ಸಿಕ್ಕು ಯಶವಂತಪುರದ ವಠಾರವೊಂದಕ್ಕೆ ಬಂದಿದ್ದೆವು. ಅಪ್ಪ ಹರೆಯದಲ್ಲಿ ಕುಸ್ತಿ ಆಡಿದವರು. ಊರು ಬಿಟ್ಟರೂ ತಾಲೀಮಿನ ಮಾತು ಬಿಟ್ಟಿರಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಹೆದರುತ್ತಾ ವಿಷಯ ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಹೆಣ್ಣಮಕ್ಕಳು ರಸ್ತೇದಾಗ ಓಡಿದ್ರ ಮಂದಿ ಏನಂತಾರ?"

"ಏನೂ ಅನ್ನಂಗಿಲ್ಲ," ಎಂದರು ಅಪ್ಪ. "ಬಾಯಿ ತಕ್ಕೊಂಡು ನಿಂತು ನೋಡ್ತಾರ." ಆಮೇಲೆ ನನ್ನ ಕಡೆ ತಿರುಗಿ, "ತಾಲೀಮು ಯಾವಾಗಿಂದ?" ಎಂದರು. ಅವರ ಕಣ್ಣು ಹೊಳೆಯುತ್ತಿತ್ತು. ಮಗ ಇಲ್ಲದ ಮನೆಯಲ್ಲಿ ಆ ಪ್ರಶ್ನೆ ಕೇಳಲು ಅವರು ಎಷ್ಟೋ ವರ್ಷದಿಂದ ಕಾದಿದ್ದರು ಅಂತ ನನಗೆ ಅನ್ನಿಸಿತು.

ಹೀಗೆ ಭಾನುವಾರದ ಓಟ ಶುರುವಾಯಿತು. ಬೆಳಕು ಹರಿಯುವ ಮೊದಲೇ ಅಪ್ಪ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಕೊಡಿಗೇಹಳ್ಳಿಗೆ ಕರೆದೊಯ್ಯುತ್ತಿದ್ದರು. ಗೆಳತಿ ಹಿಂದಿನ ಸಂಜೆಯೇ ಬಂದು ಅಕ್ಕನ ಮನೆಯಲ್ಲಿ ಉಳಿದಿರುತ್ತಿದ್ದಳು. ಅಲ್ಲಿಂದ ಬಳ್ಳಾರಿ ರಸ್ತೆ ಹಿಡಿದು ಯಲಹಂಕದವರೆಗೆ ಹೋಗಿ ವಾಪಸ್ಸು. ಅಪ್ಪ ಸೈಕಲ್ಲಿನ ಕ್ಯಾರಿಯರ್‌ಗೆ ನೀರಿನ ಕ್ಯಾನು ಕಟ್ಟಿಕೊಂಡು ನಮ್ಮ ಹಿಂದೆ ಬರುತ್ತಿದ್ದರು. ಗೆಳತಿ ಸಲ್ವಾರ್ ಕಮೀಜು ಹಾಕಿ ದುಪಟ್ಟಾವನ್ನು ಸೊಂಟಕ್ಕೆ ಬಿಗಿದಿರುತ್ತಿದ್ದಳು. ನನ್ನದು ಅಪ್ಪನ ಪೈಜಾಮದ ಮೇಲೆ ಅಪ್ಪನದೇ ಅಂಗಿ. ಅಕ್ಕ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಚ್ಚೆ ಹಾಕಿ, "ಭತ್ತ ನಾಟಿ ಮಾಡೋವಾಗ ಇಂಗೇ ಕಟ್ಟೋದು, ಓಡೋಕೂ ಇದೇ ಸಾಕು" ಎನ್ನುತ್ತಿದ್ದರು.

ಆ ರಸ್ತೆಯ ಬೆಳಗು ಈಗ ನೆನೆದರೂ ಮೈ ಹಗುರಾಗುತ್ತದೆ. ಎರಡೂ ಬದಿಗೆ ದೊಡ್ಡ ಮರಗಳು, ಮರಗಳ ಆಚೆ ದ್ರಾಕ್ಷಿ ತೋಟ, ಗುಲಾಬಿ ತೋಟ. ಚಳಿಗೆ ಬಾಯಿಂದ ಹೊಗೆ ಬರುತ್ತಿತ್ತು. ಒಂದೊಂದು ಲಾರಿ ಹಾದುಹೋಗುವಾಗ ಕ್ಲೀನರ್ ಬಾಗಿಲಿನಿಂದ ನೇತಾಡಿ ನಮ್ಮನ್ನು ನೋಡಿ, ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದ ಅಪ್ಪನ ಮೀಸೆ ನೋಡಿ, ತೆಪ್ಪಗೆ ಒಳಗೆ ಹೋಗುತ್ತಿದ್ದ. ಹಾಲಿನ ಕ್ಯಾನು ಹೊತ್ತು ಹೋಗುವವರು "ಯಾವೂರ್ಗೆ ಓಗ್ತಿದೀರವ್ವ, ಬಸ್ ಬರ್ತದೆ ನಿಂತ್ಕಳಿ" ಎಂದು ಕಳಕಳಿಯಿಂದ ಕೂಗಿ ಹೇಳುತ್ತಿದ್ದರು. ನಮಗೆ ನಗು ಬಂದು ಉಸಿರು ತಪ್ಪುತ್ತಿತ್ತು.

ಮೊದಲ ಭಾನುವಾರ ಹೇಗೋ ಓಡಿ ಮುಗಿಸಿದೆವು. ಅರ್ಧ ನಡೆದೆವು ಅನ್ನುವುದೇ ಸರಿ. ಮುಗಿದ ಕೂಡಲೇ ಅಕ್ಕನ ಮನೆಯ ಜಗುಲಿಯ ಮೇಲೆ ಮೂಟೆಗಳ ಹಾಗೆ ಬಿದ್ದುಕೊಂಡೆವು. ಆಮೇಲೆ ನಾನೂ ಗೆಳತಿಯೂ ನಮ್ಮ ನಮ್ಮ ಮನೆಗೆ ಹೋಗಿ ಮಲಗಿದವರು ಎದ್ದದ್ದು ಸೋಮವಾರವೇ.

ಎದ್ದೆವು ಎನ್ನುವುದೂ ದೊಡ್ಡ ಮಾತು. ನನಗೆ ಹಾಸಿಗೆಯಿಂದ ಏಳಲು ಗೋಡೆ ಬೇಕಾಯಿತು. ವಠಾರದ ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂರಲು ಹೋಗಿ ಕಿರುಚಿದೆ. ಹೊರಗೆ ಸಾಲಿನಲ್ಲಿ ನಿಂತಿದ್ದವರು ಹಾವು ಬಂತೆಂದು ಓಡಿದರು. ಕಾರ್ಖಾನೆಯ ಬಸ್ಸಿನಿಂದ ಇಳಿಯುವಾಗ ಕಂಬಿ ಹಿಡಿದು ತೂಗಾಡಿದೆ. ಗೇಟಿನ ಹತ್ತಿರ ಗೆಳತಿ ಗೋಡೆಗೆ ಒರಗಿ ನಿಂತಿದ್ದಳು.

"ಲೇ, ನನ್ ಕಾಲು ಯಲಹಂಕದಲ್ಲೇ ಬಿಟ್ ಬಂದಿದೀನಿ ಕಣೇ. ಹೋಗಿ ತಂದ್ಕೊಡು."

ಮೆಟ್ಟಿಲ ತುದಿಯಲ್ಲಿ ಸೂಪರ್‌ವೈಸರ್ ನಿಂತಿದ್ದರು. ನಾವು ಹತ್ತಿದೆವು. ಹತ್ತುವುದು ಅಷ್ಟು ಕಷ್ಟವಲ್ಲ, ಇಳಿಯುವುದು ಕಷ್ಟ. ಇಳಿಯುವಾಗ ನಾನು ಅಡ್ಡಡ್ಡ ಕಾಲಿಟ್ಟೆ, ಗೆಳತಿ ಕೂತು ಕೂತು ಜಾರಿದಳು, ಅಕ್ಕ ಮಾತ್ರ "ಅಮ್ಮಾ, ಅಪ್ಪಾ" ಎನ್ನುತ್ತಾ ನೆಟ್ಟಗೆ ಇಳಿದರು. ಸೂಪರ್‌ವೈಸರ್ ಕನ್ನಡಕ ತೆಗೆದು ಒರೆಸಿ, "ಮುಂದಿನ್ ಸೋಮವಾರ ನೋಡೋಣಮ್ಮಾ" ಎಂದು ಒಳಗೆ ಹೋದರು. ಬೇಡ ಎನ್ನಲಿಲ್ಲವಲ್ಲ, ನಮಗೆ ಅದೇ ಸಾಕಾಗಿತ್ತು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮೂವರೂ ತಲೆ ಸೇರಿಸಿದೆವು. ಓಡುವುದನ್ನು ನಿಧಾನಕ್ಕೆ ಕಲಿಯಬಹುದು. ಈ ಸೋಮವಾರವನ್ನು ಗೆಲ್ಲುವುದು ಹೇಗೆ? ಬಿಸಿ ಎಣ್ಣೆ ಹಚ್ಚಿ ತಿಕ್ಕಬೇಕು ಎನ್ನುವುದು ನಮ್ಮಪ್ಪನ ಮತ. ತಿಕ್ಕಬಾರದು, ನೇವರಿಸಬೇಕು, ಹೊಟ್ಟೆಗೆ ಸೂಪು ಬೀಳಬೇಕು ಎನ್ನುವುದು ಗೆಳತಿಯ ಅಜ್ಜಿಯ ಮತ. ಅಕ್ಕ ಎರಡನ್ನೂ ಒಪ್ಪಲಿಲ್ಲ. ದ್ರಾಕ್ಷಿ ತೋಟದ ಪಂಪ್‌ಹೌಸಿನ ತೊಟ್ಟಿಯ ತಣ್ಣೀರಲ್ಲಿ ಸೊಂಟದವರೆಗೆ ನಿಂತರೆ ಉಳುಮೆ ಮಾಡಿ ಬಂದ ಎತ್ತಿಗೂ ನೋವು ಹೋಗುತ್ತದೆ ಎಂದರು.

"ಎತ್ತನ್ನ ತೊಟ್ಟಿಗೆ ಇಳ್ಸ್ತೀರಾ ಅಕ್ಕ?" ಎಂದಳು ಗೆಳತಿ.

"ಅದುಕ್ಕೆ ನೀರ್ ಉಯ್ತೀವಿ. ನಿಂಗೂ ಉಯ್ಲಾ?"

ಮುಂದಿನ ವಾರ ಅವರವರ ಮನೆಯ ಔಷಧಿ ಅವರವರಿಗೆ, ಸೋಮವಾರ ಮೆಟ್ಟಿಲ ಮೇಲೆ ತೀರ್ಮಾನ ಎಂದಾಯಿತು.

ನಮ್ಮ ಮನೆಯ ಔಷಧಿಗೆ ಒಂದು ತೊಡಕಿತ್ತು. ಅದು ಬರುತ್ತಿದ್ದದ್ದು ಅಪ್ಪನಿಗೆ, ಬೆಳೆದ ಮಗಳ ಕಾಲು ತಿಕ್ಕಬೇಕಾದವಳು ಅವ್ವ. ಭಾನುವಾರ ಮಧ್ಯಾಹ್ನ ಅವ್ವ ಒಳಗೆ ಚಾಪೆ ಹಾಸಿ ನನ್ನನ್ನು ಬೋರಲು ಮಲಗಿಸಿದಳು. ಅಪ್ಪ ಬಾಗಿಲ ಆಚೆ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತು ಕೂಗಿ ಹೇಳಿಕೊಟ್ಟರು.

"ಮೀನಖಂಡದಾಗ ಹೆಬ್ಬಟ್ಟು ಊರು! ಊರಿದಿ?"

"ಊರೇನ್ರೀ."

"ಚೀರಿದ್ಲೇನು?"

"ಇಲ್ರೀ."

"ಹಂಗಾರ ಇನ್ನೂ ಊರು!"

ನಾನು ಚೀರಿದೆ. ಕಟ್ಟೆಯಿಂದ "ಹಾಂ, ಈಗ ಬರೋಬ್ಬರಿ ಆತು" ಎಂಬ ತೃಪ್ತಿಯ ದನಿ ಬಂತು. ವಠಾರದ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತು, ಯಾರಿಗೆ ಹೆರಿಗೆ ಎಂದು ವಿಚಾರಿಸಿದರು. ಆಮೇಲೆ ಹಂಡೆಯ ಬಿಸಿನೀರಿನ ಸ್ನಾನ, ಮಜ್ಜಿಗೆ ಕಲಸಿದ ಜೋಳದ ನುಚ್ಚು. ಆ ಸಂಜೆ ನನ್ನಷ್ಟು ಸುಖಿ ಯಾರೂ ಇರಲಿಲ್ಲ. ಸೋಮವಾರ ಬೆಳಿಗ್ಗೆ ನೋಡಿದರೆ ಅವ್ವನ ಹೆಬ್ಬೆರಳು ಊರಿದ ಕಡೆಯಲ್ಲೆಲ್ಲ ನೀಲಿ. ಓಡಿದ ನೋವು ಯಾವುದು, ಮನೆಯವರು ಕೊಟ್ಟ ನೋವು ಯಾವುದು, ಗೊತ್ತಾಗದ ಹಾಗೆ ಕುಂಟಿದೆ.

ಮೆಟ್ಟಿಲಲ್ಲಿ ಗೆಳತಿ ನನಗಿಂತ ಮೇಲು, ಆದರೂ ಕಂಬಿ ಬಿಡಲಿಲ್ಲ. ಅಕ್ಕ ಮಾತ್ರ ಸರಸರ ಇಳಿದು ತಿರುಗಿ ಹತ್ತಿ ಬಂದರು. ಸೂಪರ್‌ವೈಸರ್ "ಒಬ್ರು ಪಾಸು" ಎಂದರು.

"ನೋಡಿದ್ರಾ? ತೊಟ್ಟಿ!" ಎಂದರು ಅಕ್ಕ.

"ನೀವು ತೊಟ್ಟಿಯಿಂದ ಎದ್ದ ಮೇಲೆ ಏನ್ ಮಾಡಿದ್ರಿ?" ಎಂದು ನಾನು ಕೇಳಿದೆ.

"ಏನ್ ಮಾಡೋದು, ಹುಲ್ ಕುಯ್ಕೊಂಡ್ ಬಂದೆ, ಕೊಟ್ಟಿಗೆ ಗುಡ್ಸ್ದೆ, ಬಟ್ಟೆ ಒಗ್ದೆ. ಭಾನುವಾರ ಅಲ್ವಾ?"

ನಾನೂ ಗೆಳತಿಯೂ ಮುಖ ಮುಖ ನೋಡಿಕೊಂಡೆವು. ನಾವಿಬ್ಬರೂ ಓಟದ ನಂತರ ಮಹಾರಾಣಿಯರ ಹಾಗೆ ಮಲಗಿದ್ದೆವು. ಅವರು ಸಂಜೆಯವರೆಗೆ ಒಂದು ಕಡೆ ಕೂತಿರಲಿಲ್ಲ. ಹಾಗಾದರೆ ನೋವು ತೆಗೆದದ್ದು ತಣ್ಣೀರೋ, ಮನೆಗೆಲಸವೋ? ಗೆಳತಿಗೆ ಇಂಥದ್ದರಲ್ಲಿ ಬಹಳ ಹಟ. ಎಲ್ಲರೂ ಒಂದೇ ಕಡೆ, ಒಂದೇ ದಿನ, ಒಂದೇ ಥರ ಇದ್ದು ನೋಡಿದರೆ ಮಾತ್ರ ಸತ್ಯ ಗೊತ್ತಾಗುವುದು ಎಂದಳು. ಅಷ್ಟಕ್ಕೇ ನಿಲ್ಲದೆ ಇನ್ನೊಂದು ಮಾತು ಸೇರಿಸಿದಳು.

"ಒಂದ್ ಕಾಲು ತಣ್ಣೀರಲ್ಲಿ, ಒಂದ್ ಕಾಲು ಬಿಸ್ನೀರಲ್ಲಿ ಇಡೋಣ. ಓಡಿದ್ದು ಎರಡೂ ಕಾಲು ತಾನೇ? ಯಾವ್ದು ಚೆನ್ನಾಗಿರುತ್ತೋ ನೋಡೋಣ."

ಮೂರನೆಯ ಭಾನುವಾರ ಕೊಡಿಗೇಹಳ್ಳಿಯ ಆ ತೋಟದಲ್ಲಿ ನಡೆದದ್ದನ್ನು ನಾನು ಯಾರಿಗೆ ಹೇಳಿದರೂ ಮೊದಲು ನಂಬುವುದಿಲ್ಲ. ಪಂಪ್‌ಹೌಸಿನ ತೊಟ್ಟಿಯ ಅಂಚಿನಲ್ಲಿ ನಾವು ಮೂವರೂ ಸಾಲಾಗಿ ಕೂತೆವು, ಕುದುರೆ ಏರಿದ ಹಾಗೆ, ಎಡಗಾಲು ತೊಟ್ಟಿಯ ಒಳಗೆ, ಬಲಗಾಲು ಹೊರಗೆ. ಹೊರಗೆ ಒಬ್ಬೊಬ್ಬರಿಗೆ ಒಂದೊಂದು ಬಕೆಟ್ಟು. ಅಕ್ಕನ ಅತ್ತೆ ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರನ್ನು ತಂದು ಬಕೆಟ್ಟಿಗೆ ಸುರಿದರು. ಎಡಗಾಲು ಕೊರೆಯುತ್ತಿತ್ತು, ಬಲಗಾಲು ಬೇಯುತ್ತಿತ್ತು. ಪಂಪಿನ ನೀರು ದಬದಬ ಬೀಳುತ್ತಿತ್ತು. ಗೆಳತಿ ಹಲ್ಲು ಕಟಕಟಿಸುತ್ತಾ ಬೆವರು ಒರೆಸಿಕೊಳ್ಳುತ್ತಿದ್ದಳು. ಅಕ್ಕನ ಅತ್ತೆ ಸೊಂಟದ ಮೇಲೆ ಕೈ ಇಟ್ಟು ನಮ್ಮನ್ನು ಬಹಳ ಹೊತ್ತು ನೋಡಿ, "ಫ್ಯಾಕ್ಟ್ರೀಲಿ ಇದನ್ನೇ ಕಲ್ಸ್ಕೊಡೋದಾ?" ಎಂದು ಕೇಳಿದರು.

ಅಪ್ಪ ತೋಟದ ಆಚೆ ಬದಿಯಲ್ಲಿ ಸೈಕಲ್ ಒರಗಿಸಿ ನಿಂತಿದ್ದವರು, "ಏನಾತು? ಯಾಕ ನಗಾಕತ್ತೀರಿ?" ಎಂದು ಕೂಗಿದರು. ಗೆಳತಿ ನಗುತ್ತಾ ನಗುತ್ತಾ ತೂಕ ತಪ್ಪಿ ತೊಟ್ಟಿಯೊಳಗೆ ಪೂರ್ತಿ ಬಿದ್ದಳು. ಅವಳನ್ನು ಎತ್ತಲು ಹೋಗಿ ನಾನೂ ಬಿದ್ದೆ. ಅಲ್ಲಿಗೆ ಎರಡು ಕಾಲಿನ ಲೆಕ್ಕ ಕೆಟ್ಟಿತು. ಆದರೂ ಎದ್ದು ಬಟ್ಟೆ ಬದಲಿಸಿ, ಅಕ್ಕನ ಹಿಂದೆ ಹುಲ್ಲು ತರಲು ಹೋದೆವು. ಹಸುವಿನ ಜೊತೆ ಊರಾಚೆ ಸುತ್ತಿ ಬಂದೆವು. ರಾಗಿ ಅಂಬಲಿಗೆ ಉಪ್ಪು, ಈರುಳ್ಳಿ ಹಾಕಿಕೊಂಡು ಕುಡಿದೆವು.

ಸೋಮವಾರದ ಫಲಿತಾಂಶ ಗೊಂದಲದ್ದು. ತಣ್ಣೀರ ಕಾಲೇ ಹಗುರ ಎಂದಳು ಗೆಳತಿ. ಬಿಸಿನೀರ ಕಾಲು ನನಗೆ ಚೆನ್ನಾಗಿತ್ತು. ಅಕ್ಕ ಎರಡನ್ನೂ ಆಡಿಸಿ ನೋಡಿ, "ಎರಡೂ ನನ್ನವೇ ಕಣ್ರೇ, ನಂಗೇನೂ ಯತ್ಯಾಸ ಕಾಣ್ಸ್ತಿಲ್ಲ" ಎಂದರು. ಒಂದು ಮಾತ್ರ ಮೂವರೂ ಒಪ್ಪಿದೆವು. ಓಟ ಮುಗಿದ ಮೇಲೆ ಕೂರಬಾರದು. ಆ ಸೋಮವಾರ ನಾವು ಮೆಟ್ಟಿಲು ಇಳಿಯುವಾಗ ಯಾರೂ ಕಂಬಿ ಮುಟ್ಟಲಿಲ್ಲ. ಸೂಪರ್‌ವೈಸರ್ ಸೀದಾ ಮೇಲಿನವರ ಆಫೀಸಿನ ಕಡೆ ನಡೆದರು. ಮಧ್ಯಾಹ್ನದ ಹೊತ್ತಿಗೆ ಹೆಂಗಸರಿಗೂ ಓಟ ಎಂದು ನೋಟಿಸ್ ಬೋರ್ಡಿನಲ್ಲಿ ಬಂದಿತ್ತು. ಮೊದಲ ದಿನ ನಕ್ಕಿದ್ದ ಹುಡುಗಿಯರೇ ಹೆಸರು ಕೊಡಲು ಸಾಲು ನಿಂತರು.

ನಾಲ್ಕನೆಯ ವಾರ ಓಟ ಮುಗಿದ ಮೇಲೆ ಗೆಳತಿ ನಮ್ಮನ್ನು ಆರ್.ಟಿ. ನಗರದ ಮನೆಗೆ ಕರೆದೊಯ್ದಳು. ಅವಳ ಅಜ್ಜಿಯನ್ನು ಎಲ್ಲರೂ ನಾನಿ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಸಣ್ಣ ಆಳು, ಬಾಯಿ ತುಂಬ ಎಲೆ ಅಡಿಕೆ. ಅವರು ಬೆಳಗಿನಿಂದ ಕಾಲು ಸೂಪು ಕುದಿಸಿದ್ದರು. ನಾನು ಮಾಂಸ ತಿನ್ನುವುದಿಲ್ಲ ಎಂದು ಗೆಳತಿ ಮೊದಲೇ ಹೇಳಿದ್ದರಿಂದ ನನಗೆ ಬೇರೆ ಪಾತ್ರೆಯಲ್ಲಿ ಖರ್ಜೂರ, ಬಾದಾಮಿ ಅರೆದು ಹಾಕಿದ ಹಾಲು ಕಾದಿತ್ತು. ಆ ಪಾತ್ರೆ ನನಗೆಂದೇ ಕೊಂಡ ಹೊಸದು, ಅಂಗಡಿಯ ಚೀಟಿಯೂ ಅದರ ತಳದಲ್ಲಿ ಅಂಟಿಕೊಂಡಿತ್ತು. ಅದನ್ನು ನೋಡಿದವಳೇ ಒಂದೇ ಗುಟುಕಿಗೆ ಕುಡಿಯಲು ಹೋಗಿ ನಾಲಿಗೆ ಸುಟ್ಟುಕೊಂಡೆ.

ಆಮೇಲೆ ನಾನಿ ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಹಳದಿಗೆ ತಿರುಗಿದ್ದ ಹಳೆಯ ನೀಲಿ ಗುರುತುಗಳನ್ನು ನೋಡಿ ಏನೆಂದು ಕೇಳಿದರು. ಅಪ್ಪನ ತಾಲೀಮಿನ ವಿಷಯ ಗೆಳತಿ ಹೇಳಿದಳು.

"ನಕ್ಕೊ ಬೇಟಿ, ನಕ್ಕೊ!" ಎಂದರು ನಾನಿ, ತಲೆ ಅಲ್ಲಾಡಿಸುತ್ತಾ. "ಪಾಂವ್ ಹೈ, ಆಟಾ ನೈ!"

"ಬೇಡಮ್ಮಾ ಹಂಗೆ, ಅದು ಕಾಲು, ಹಿಟ್ಟಲ್ಲ ಅಂತಿದಾರೆ," ಗೆಳತಿ ನಗುತ್ತಾ ಕನ್ನಡಕ್ಕೆ ತಂದಳು.

ನಾನಿಯ ಕೈ ಹಕ್ಕಿಯ ಪುಕ್ಕದ ಹಾಗಿತ್ತು. ಕಣಕಾಲಿನಿಂದ ಮೇಲಕ್ಕೆ, ಮೊಣಕಾಲಿನಿಂದ ಮೇಲಕ್ಕೆ, ಯಾವಾಗಲೂ ಮೇಲಕ್ಕೆ. ಎಲ್ಲಿಯೂ ಒತ್ತಲಿಲ್ಲ. ಅಕ್ಕ "ಇದ್ರಲ್ಲಿ ಏನ್ ನೋವು ಓಗುತ್ತೆ" ಎಂದು ಗೊಣಗುತ್ತಾ ತಮ್ಮ ಸರದಿಗೆ ಕಾಲು ಕೊಟ್ಟವರು, ಅರ್ಧದಲ್ಲೇ ಗೊರಕೆ ಹೊಡೆದರು. ಗೆಳತಿ ಅವರನ್ನು ಎಬ್ಬಿಸಲು ಹೋದಾಗ ನಾನಿ ಬಾಯಿಯ ಮೇಲೆ ಬೆರಳಿಟ್ಟು ತಡೆದರು. ಎಷ್ಟು ವರ್ಷಗಳಾಗಿದ್ದವೋ ಅಕ್ಕ ಹಗಲು ಹೊತ್ತಿನಲ್ಲಿ ಹೀಗೆ ಮಲಗಿ! ಎದ್ದ ಮೇಲೆ ನಾಚಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು, "ಹಸು ಕಾಯ್ತಿರ್ತದೆ" ಎಂದು ಹೊರಟರು. ಹೊರಡುವಾಗ ನಾನಿಯ ಕೈ ಹಿಡಿದು ಸ್ವಲ್ಪ ಹೊತ್ತು ಬಿಡಲಿಲ್ಲ.

ಕ್ರೀಡೋತ್ಸವದ ಭಾನುವಾರ ಬಂತು. ಗಂಡಸರು ಮೊದಲು, ಸ್ವಲ್ಪ ಹೊತ್ತಿನ ನಂತರ ನಾವು. ಇಡೀ ಹಾಲಿನ ಅರ್ಧ ಹೆಣ್ಣುಮಕ್ಕಳು ಗೇಟಿನ ಮುಂದೆ ಕ್ಯಾನ್ವಾಸ್ ಶೂ ಹಾಕಿ ನಿಂತಿದ್ದೆವು. ಗಂಡಸರ ಸಾಲಿನಲ್ಲಿ ನಮ್ಮ ಸೂಪರ್‌ವೈಸರ್ ಕೂಡ ಬಿಳಿ ಬನಿಯನ್ ತೊಟ್ಟು ನಿಂತಿದ್ದರು. "ನಮ್ಮನ್ನ ಮೆಟ್ಲು ಹತ್ಸಿದ್ರಲ್ಲ ಸಾರ್, ನೀವೂ ಒಂದ್ಸಲ ಓಡಿ ನೋಡಿ" ಎಂದು ಗೆಳತಿ ವಾರವಿಡೀ ಅವರನ್ನು ಕಾಡಿದ್ದಳು.

ಹೆಸರಘಟ್ಟ ರಸ್ತೆಗೆ ತಿರುಗಿದ ಮೇಲೆ ಊರು ಹಿಂದೆ ಉಳಿಯಿತು. ಹೊಲಗಳಲ್ಲಿ ಅವರೆ ಹೂ ಬಿಟ್ಟಿತ್ತು. ಮನೆಗಳ ಮುಂದೆ ಹೆಂಗಸರು ಪೊರಕೆ ಹಿಡಿದು ನಿಂತು ನೋಡಿದರು. ಒಬ್ಬಾಕೆ ನಮ್ಮ ಜೊತೆ ಸ್ವಲ್ಪ ದೂರ ಪೊರಕೆ ಸಮೇತ ಓಡಿ ಬಂದಳು. ಸೋಲದೇವನಹಳ್ಳಿಯಲ್ಲಿ ಹಿಂತಿರುಗುವ ಕಡೆ ನೀರಿನ ಡ್ರಮ್ಮು ಇಟ್ಟಿದ್ದರು. ನನಗೆ ಪಕ್ಕೆ ಹಿಡಿದುಕೊಂಡಿತ್ತು. ನಿಂತುಬಿಡುತ್ತೇನೆ ಎಂದೆ.

"ಊರ ಹೆಸರು ಓದೇ," ಎಂದಳು ಗೆಳತಿ ಬೋರ್ಡು ತೋರಿಸುತ್ತಾ. "ಸೋಲದೇ ಅಂತ ಬರ್ದಿದೆ. ಇಲ್ಲಿ ಸೋತ್ರೆ ಊರವ್ರು ಬೇಜಾರ್ ಮಾಡ್ಕೋತಾರೆ."

ನಕ್ಕಿದ್ದಕ್ಕೋ ಏನೋ ಪಕ್ಕೆಯ ನೋವು ಬಿಟ್ಟಿತು. ಓಡಿದೆ. ಪ್ಯಾಕಿಂಗ್ ವಿಭಾಗದ ಎತ್ತರದ ಹುಡುಗಿಯೊಬ್ಬಳು ಮೊದಲು ಬಂದಳು, ನನ್ನ ಗೆಳತಿ ಮೂರನೆಯವಳು. ನಾನು ನಡುವೆ ಎಲ್ಲೋ. ಅಕ್ಕ ಎಲ್ಲರಿಗಿಂತ ಕೊನೆಗೆ ಬಂದರು, ಒಬ್ಬರೇ ಅಲ್ಲ. ಹಿಂದೆ ಉಳಿದ ಆರೇಳು ಹುಡುಗಿಯರನ್ನು ಬಿಡದೆ, ಮಾತಾಡಿಸುತ್ತಾ, ಬೈಯುತ್ತಾ, ಒಟ್ಟಿಗೆ ಕರೆತಂದಿದ್ದರು. ಮೈದಾನದಲ್ಲಿ ಮೊದಲು ಬಂದವಳಿಗಿಂತ ಜೋರಾದ ಚಪ್ಪಾಳೆ ಅವರಿಗೆ ಬಿತ್ತು.

ಓಟ ಮುಗಿಯಿತು, ನಮ್ಮ ಕೆಲಸ ಈಗ ಶುರುವಾಯಿತು. "ಯಾರೂ ಕುಂತ್ಕೋಬ್ಯಾಡಿ! ಕುಂತೋರ್ನ ನಾನ್ ನೋಡ್ಕೋತೀನಿ!" ಎಂದು ಅಕ್ಕ ಎಲ್ಲರನ್ನೂ ಮೈದಾನದ ಸುತ್ತ ನಡೆಸಿದರು. ಕ್ಯಾಂಟೀನಿನ ಹಿಂದೆ ಗಿಡಗಳಿಗೆ ನೀರು ತುಂಬಿಡುವ ತೊಟ್ಟಿಯಿತ್ತು. ಸರದಿಯಂತೆ ಅದರೊಳಗೆ ಇಳಿದು ಕಿರುಚಾಡಿದೆವು. ನನ್ನ ಅವ್ವ ವಠಾರದ ದೊಡ್ಡ ಪಾತ್ರೆಯಲ್ಲಿ ಉಪ್ಪು, ಜೀರಿಗೆ ಹಾಕಿದ ಮಜ್ಜಿಗೆ ತಂದಿದ್ದಳು. ಮಂದಿ ಏನಂತಾರ ಎಂದಿದ್ದವಳೇ ಈಗ ಮಂದಿಗೆಲ್ಲ ಲೋಟ ತುಂಬಿಸಿ ಕೊಡುತ್ತಾ, "ನನ್ನ ಮಗಳೂ ಓಡ್ಯಾಳ್ರೀ" ಎನ್ನುತ್ತಿದ್ದಳು.

ಗೆಳತಿ ಕರೆತಂದಿದ್ದ ನಾನಿ ಎಣ್ಣೆಯ ಸೀಸೆ ಹಿಡಿದು ಮರದ ಕೆಳಗೆ ಕೂತಿದ್ದರು. ಅವರ ಮುಂದೆ ಹುಡುಗಿಯರ ಸಾಲು. ಅಪ್ಪ ದೂರದಲ್ಲಿ ನಿಂತು ಗಮನಿಸುತ್ತಿದ್ದವರು, ಸಾಲು ಕರಗಿದ ಮೇಲೆ ಹತ್ತಿರ ಬಂದು ಕೈ ಎತ್ತಿ ಸಲಾಂ ಮಾಡಿದರು. ಗದಗದ ಕಡೆಯವರಾದ್ದರಿಂದ ಅಪ್ಪನಿಗೆ ಉರ್ದು ಚೆನ್ನಾಗಿಯೇ ಬರುತ್ತಿತ್ತು. ತಾಲೀಮಿನಲ್ಲಿ ಹೇಗೆ ಒತ್ತುತ್ತಾರೆ, ಯಾಕೆ ಒತ್ತುತ್ತಾರೆ ಎಂದು ತಮ್ಮ ಕೈ ಮುಂದೆ ಚಾಚಿ ವಿವರಿಸಿದರು. ನಾನಿ ಪೂರ್ತಿ ಕೇಳಿದರು. ಆಮೇಲೆ ಆ ಚಾಚಿದ ಮುಂಗೈಯನ್ನೇ ಹಿಡಿದು, ಎರಡು ಹನಿ ಎಣ್ಣೆ ಹಾಕಿ, ಮಣಿಕಟ್ಟಿನಿಂದ ಮೊಣಕೈಯವರೆಗೆ ಮೆಲ್ಲಗೆ ನೇವರಿಸಿದರು. ಫೌಂಡ್ರಿಯಲ್ಲಿ ಕಬ್ಬಿಣ ಎತ್ತಿ ಎತ್ತಿ ಗಟ್ಟಿಯಾಗಿದ್ದ ಆ ಕೈ. ಅಪ್ಪ ಕಣ್ಣು ಮುಚ್ಚಿಕೊಂಡರು. ಬಿಡಿಸಿಕೊಳ್ಳಲಿಲ್ಲ.

"ಇನ್ನೊಂದ ಕೈಯೂ ಕೊಡ್ರಿ ಹಂಗಾರ," ಎಂದು ಅವ್ವ ಮಜ್ಜಿಗೆಯ ಪಾತ್ರೆಯ ಹಿಂದಿನಿಂದ ಕೂಗಿದಳು. ಸುತ್ತ ಇದ್ದವರೆಲ್ಲ ನಕ್ಕರು. ಅಪ್ಪ ನಿಜವಾಗಿಯೂ ಇನ್ನೊಂದು ಕೈ ಕೊಟ್ಟರು.

ಆ ಸಂಜೆ ನಮ್ಮ ಮನೆಯಲ್ಲಿ ಅಪ್ಪ ಮತ್ತೆ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತರು. "ಹಗೂರ, ಹಗೂರ. ಮ್ಯಾಲಕ್ಕ ಎಳಿ," ಎಂದರು. ಅವ್ವ ಹಗುರವಾಗಿಯೇ ನೇವರಿಸಿದಳು. ಹೊರಗೆ ವಠಾರದ ಹೆಂಗಸರು ಕಿವಿಗೊಟ್ಟು ಕಾದು, ಏನೂ ಚೀರಾಟ ಕೇಳದೆ, ಬೇಸರದಿಂದ ಒಳಗೆ ಹೋದರು.

ಸೋಮವಾರ ಕಾರ್ಖಾನೆಯ ಬಸ್ಸು ಗೇಟಿನ ಮುಂದೆ ನಿಂತಾಗ ನಾನು ಮೊದಲು ಇಳಿದು ತಲೆ ಎಣಿಸತೊಡಗಿದೆ. ಒಬ್ಬೊಬ್ಬರಾಗಿ ಇಳಿದರು. ಯಾರಿಗೂ ನೋವಿರಲಿಲ್ಲ ಎಂದರೆ ಸುಳ್ಳು. ಒಬ್ಬಳು ಬಾತುಕೋಳಿಯ ಹಾಗೆ ನಡೆಯುತ್ತಿದ್ದಳು, ಇನ್ನೊಬ್ಬಳು ಎರಡು ಹೆಜ್ಜೆಗೊಮ್ಮೆ "ಸ್ಸ್" ಎನ್ನುತ್ತಿದ್ದಳು. ಆದರೆ ಎಲ್ಲರೂ ಬಂದಿದ್ದರು. ಹಾಲಿನಲ್ಲಿ ಒಂದು ದೀಪವೂ ಆರಿರಲಿಲ್ಲ. ಗಂಟೆ ಹೊಡೆಯುವ ಹೊತ್ತಿಗೆ ನಾವು ಮೇಜಿನ ಮುಂದೆ ಕೂತಿದ್ದೆವು. ಎದುರಿನ ಕುರ್ಚಿ ಮಾತ್ರ ಖಾಲಿ. ಸೂಪರ್‌ವೈಸರ್ ಬಂದಿರಲಿಲ್ಲ.

ಕೊಂಚ ತಡವಾಗಿ ಮೆಟ್ಟಿಲ ಕಡೆಯಿಂದ ಸದ್ದು ಕೇಳಿತು. ಅವರು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ಬಾಗಿಲಿಗೆ ಬಂದು, ಸಾಲುಸಾಲು ದೀಪಗಳನ್ನು, ಅವುಗಳ ಕೆಳಗಿನ ತಲೆಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಕನ್ನಡಕ ತೆಗೆದರು, ಆದರೆ ಒರೆಸಲಿಲ್ಲ.

"ಎಲ್ರೂ ಬಂದಿದೀರಾ?"

"ಬಂದಿದೀವಿ ಸಾರ್!"

"ನಾನೂ ಬಂದಿದೀನಿ," ಎಂದರು ಅವರು. ಇಡೀ ಹಾಲ್ ಚಪ್ಪಾಳೆಯಿಂದ ತುಂಬಿತು. ಅವರು ಕುರ್ಚಿಯಲ್ಲಿ ಕೂರಲು ಹೋದಾಗ ಅಕ್ಕ ಎದ್ದು ನಿಂತು, "ಸಾರ್, ಕುಂತ್ಕೋಬ್ಯಾಡಿ! ಇಂಗೇ ಓಡಾಡ್ತಿರಿ!" ಎಂದು ಗದರಿದರು. ಪಾಪ, ಅವರು ಅರ್ಧ ಬಗ್ಗಿದವರು ಹಾಗೇ ನೆಟ್ಟಗಾದರು. ಆ ಇಡೀ ಬೆಳಿಗ್ಗೆ ನಮ್ಮ ಮೇಜುಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಲೇ ಇದ್ದರು. ನಾನಿಯ ಎಣ್ಣೆ ಯಾವ ಅಂಗಡಿಯದು ಎಂದು ಗೆಳತಿಯ ಹತ್ತಿರ ಮೆಲ್ಲಗೆ ವಿಚಾರಿಸಿದರಂತೆ.

ಆಮೇಲೆ ಮದುವೆ, ಮಕ್ಕಳು ಅಂತ ನಡುವೆ ಬಿಟ್ಟರೂ ನಾನು ಬಹಳ ವರ್ಷ ಓಡಿದೆ. ತಣ್ಣೀರೋ ಬಿಸಿನೀರೋ, ತಿಕ್ಕುವುದೋ ನೇವರಿಸುವುದೋ ಎಂದು ಚಿಕ್ಕವರು ಯಾರಾದರೂ ಕೇಳಿದರೆ ನನಗೆ ಈಗಲೂ ಖಚಿತವಾಗಿ ಹೇಳಲು ಬರುವುದಿಲ್ಲ. ಸ್ವಲ್ಪ ನಡೆಯಿರಿ, ಏನಾದರೂ ತಿನ್ನಿರಿ, ಚೆನ್ನಾಗಿ ನಿದ್ದೆ ಮಾಡಿ ಎನ್ನುತ್ತೇನೆ. ಉಳಿದದ್ದು ಯಾರ ಮನೆಯಲ್ಲಿ ಯಾರ ಕೈ ಸಿಗುತ್ತದೋ ಅದರ ಮೇಲಿದೆ.

ಆ ಸೋಮವಾರ ಸಂಜೆ ಕೆಲಸ ಬಿಟ್ಟು ನಾವು ಮೂವರೂ ಕೆಳಗಿಳಿದಾಗ ಬಸ್ಸು ಆಗಲೇ ಹೊರಡಲು ಗುರುಗುಡುತ್ತಿತ್ತು. ಡ್ರೈವರ್ ನಮ್ಮನ್ನು ನೋಡಿಯೂ ನೋಡದವನ ಹಾಗೆ ಗೇರ್ ಹಾಕಿದ. ನಾನು ಗೆಳತಿಯ ಮುಖ ನೋಡಿದೆ, ಗೆಳತಿ ಅಕ್ಕನ ಮುಖ ನೋಡಿದಳು. ಅಕ್ಕ ಊಟದ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿ, ಸೀರೆಯ ನೆರಿಗೆ ಎತ್ತಿ ಹಿಡಿದು, "ಬನ್ರೇ" ಎಂದರು. ಮೂವರೂ ನೋಯುವ ಕಾಲಲ್ಲೇ ಕಿಲಕಿಲ ನಗುತ್ತಾ ಬಸ್ಸಿನ ಹಿಂದೆ ಓಡಿದೆವು.